ಅರ್ಧ ಸತ್ತ ಬಲ್ಬು

ಬೈಕಿನ ಹೆಡ್‌ಲೈಟು ಪೂರ್ತಿ ಆರಿಹೋದರೆ ಯಾರೂ ಸುಮ್ಮನಿರುವುದಿಲ್ಲ. ಅಂದೇ ಗ್ಯಾರೇಜು ಹುಡುಕುತ್ತಾರೆ, ಇಲ್ಲವೇ ಗಾಡಿಯನ್ನು ಪರಿಚಯದವರ ಮನೆ ಮುಂದೆ ನಿಲ್ಲಿಸಿ ಇನ್ನೊಬ್ಬರ ಹಿಂದೆ ಕುಳಿತು ಊರು ಸೇರುತ್ತಾರೆ. ತೊಂದರೆ ಇರುವುದು ಅರ್ಧ ಆರಿದ ಹೆಡ್‌ಲೈಟಿನದು. ನಮ್ಮ ಭಾಗದಲ್ಲಿ ಓಡುವ ಬೈಕುಗಳಲ್ಲಿ ಬಹುಪಾಲಿಗೆ ಇರುವುದು ಹ್ಯಾಲೋಜನ್ ಬಲ್ಬು. ಅದರೊಳಗೆ ಎರಡು ಎಳೆಗಳಿರುತ್ತವೆ. ಒಂದು, ಹತ್ತಿರದ ರಸ್ತೆಯನ್ನು ತೋರಿಸುವ ಡಿಪ್ಪರಿಗೆ. ಇನ್ನೊಂದು, ಬೆಳಕನ್ನು ದೂರಕ್ಕೆ ನೆಟ್ಟಗೆ ಚೆಲ್ಲುವ ಅಪ್ಪರಿಗೆ. ಡಿಪ್ಪರಿನ ಎಳೆ ಕಡಿದುಹೋದ ರಾತ್ರಿ ಸವಾರರು ಎಡಗೈಯ ಹೆಬ್ಬೆರಳಿನಿಂದ ಸ್ವಿಚ್ಚು ಒತ್ತುತ್ತಾರೆ, ಅಪ್ಪರ್ ಹೊತ್ತಿಕೊಳ್ಳುತ್ತದೆ, ರಸ್ತೆ ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತದೆ. ಗಾಡಿ ಕೆಟ್ಟಿದೆ ಎಂದು ಅವರಿಗೆ ಅನಿಸುವುದೇ ಇಲ್ಲ. ಅಲ್ಲಿಂದ ಮುಂದೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಆ ಗಾಡಿ ಎದುರಿಗೆ ಬಂದವರೆಲ್ಲರ ಕಣ್ಣಿಗೆ ಬೆಳಕು ಹೊಡೆಯುತ್ತ ಓಡುತ್ತದೆ. ಕೆಟ್ಟಿದ್ದು ಒಬ್ಬರ ಬಲ್ಬು, ಕಾಣದಾಗುವುದು ಇನ್ನೊಬ್ಬರಿಗೆ. ಹೀಗಾಗಿ ಪೂರ್ತಿ ಸತ್ತ ಬಲ್ಬಿಗಿಂತ ಅರ್ಧ ಸತ್ತ ಬಲ್ಬೇ ರಸ್ತೆಗೆ ಹೆಚ್ಚು ಅಪಾಯ. ಬೈಕು ಇರುವ ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಹೆಡ್‌ಲೈಟ್ ಬಲ್ಬು ಬದಲಾಯಿಸುವುದು ಗೊತ್ತಿರಬೇಕು, ಸರಿಯಾದ ಬಲ್ಬೊಂದು ಮನೆಯಲ್ಲಿ ಮೊದಲೇ ಇರಬೇಕು ಎಂದು ನಾನು ವಾದಿಸುವುದು ಈ ಕಾರಣಕ್ಕೆ.

ಕಲಬುರಗಿ ಜಿಲ್ಲೆಯ ಗುಂಡಗುರ್ತಿಯಂಥ ಊರಿನಿಂದ ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲವೂ ಸಿಮೆಂಟು ಮತ್ತು ಫರ್ಸಿಯ ನಾಡು. ಸಿಮೆಂಟ್ ಕಾರ್ಖಾನೆಯ ಕುಲುಮೆಯನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸಲು ಬರುವುದಿಲ್ಲ. ಅದು ಹಗಲು ರಾತ್ರಿ ಉರಿಯುತ್ತಿರಬೇಕು. ಆದ್ದರಿಂದ ವಾಡಿಯಲ್ಲಾಗಲಿ ಮಳಖೇಡದಲ್ಲಾಗಲಿ ಸೇಡಮಿನಲ್ಲಾಗಲಿ ಕೆಲಸ ಪಾಳಿಯ ಮೇಲೆ ನಡೆಯುತ್ತದೆ, ಸುತ್ತಲಿನ ಹಳ್ಳಿಗಳ ಕೆಲಸಗಾರರು ಕತ್ತಲಲ್ಲೇ ಮನೆ ಬಿಡುತ್ತಾರೆ, ಕತ್ತಲಲ್ಲೇ ಮನೆಗೆ ಬರುತ್ತಾರೆ. ಅದೇ ರಸ್ತೆಯಲ್ಲಿ ಸಿಮೆಂಟಿನ ಬಲ್ಕರ್ ಲಾರಿಗಳು, ಕಲ್ಲು ಹೇರಿದ ಟಿಪ್ಪರುಗಳು ಓಡುತ್ತವೆ. ತೊಗರಿ ರಾಶಿಯ ಕಾಲದಲ್ಲಿ, ಅಂದರೆ ಡಿಸೆಂಬರ್ ಜನವರಿಯ ಹೊತ್ತಿಗೆ, ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು, ರಿಫ್ಲೆಕ್ಟರ್ ಅಂಟಿಸದ ಎತ್ತಿನ ಬಂಡಿಗಳು ಸೇರಿಕೊಳ್ಳುತ್ತವೆ. ಊರು ದಾಟಿದ ಮೇಲೆ ಬೀದಿದೀಪ ಇರುವುದಿಲ್ಲ. ರಸ್ತೆಯಂಚು ಎಲ್ಲಿ ಮುಗಿಯಿತು, ಹೊಲದ ಕರಿಮಣ್ಣು ಎಲ್ಲಿ ಶುರುವಾಯಿತು ಎಂಬುದು ಗಾಡಿಯ ಬೆಳಕಿನಲ್ಲೇ ಗೊತ್ತಾಗಬೇಕು. ಇಂಥ ಕಡೆ ಎದುರಿನ ಬೈಕಿನ ಅಪ್ಪರ್ ಕಣ್ಣಿಗೆ ಬಿದ್ದ ಕೂಡಲೇ ಮುಂದೆ ನಿಧಾನಕ್ಕೆ ಹೋಗುತ್ತಿರುವ ಬಂಡಿ ಪೂರ್ತಿ ಮಾಯವಾಗುತ್ತದೆ. ನಗರದಲ್ಲಿ ಬೀದಿದೀಪವೋ ಅಂಗಡಿಗಳ ಬೆಳಕೋ ಆ ಕ್ಷಣವನ್ನು ಸ್ವಲ್ಪವಾದರೂ ತುಂಬಿಕೊಡುತ್ತವೆ, ಇಲ್ಲಿ ತುಂಬಿಕೊಡುವಂಥದ್ದು ಏನೂ ಇಲ್ಲ.

ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇಕಡಾ 44.5ರಷ್ಟು ಜನ ದ್ವಿಚಕ್ರ ವಾಹನದವರು. ದಿನದ ಬೇರೆಲ್ಲ ಹೊತ್ತಿಗಿಂತ ಸಂಜೆ 6ರಿಂದ 9ರ ನಡುವೆಯೇ ಅಪಘಾತ ಹೆಚ್ಚು ಎಂದು ಅದೇ ಸರಣಿಯ ವರದಿಗಳು ಹೇಳುತ್ತವೆ. ಇವೆಲ್ಲಕ್ಕೂ ಹೆಡ್‌ಲೈಟೇ ಕಾರಣ ಎಂದು ಹೇಳುವುದು ತಪ್ಪು. ವೇಗ, ಕುಡಿತ, ಹೆಲ್ಮೆಟ್ ಇಲ್ಲದಿರುವುದು, ಕೆಟ್ಟ ರಸ್ತೆ ಎಲ್ಲವೂ ಆ ಲೆಕ್ಕದಲ್ಲಿವೆ. ಆದರೆ ಕಣ್ಣಿನ ಲೆಕ್ಕ ಬೇರೆಯಾಗಿ ಹಾಕಿ ನೋಡಬಹುದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಮುಂದಕ್ಕೆ ಹೋಗುತ್ತದೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಜೋರು ಬೆಳಕು ಬಿದ್ದರೆ ಮತ್ತೆ ನೋಟ ತಿಳಿಯಾಗಲು ಕೆಲವು ಸೆಕೆಂಡು ಬೇಕು. ಮೂರೇ ಸೆಕೆಂಡು ಅಂದುಕೊಂಡರೂ 40 ಮೀಟರಿಗಿಂತ ಹೆಚ್ಚು ದೂರವನ್ನು ಸವಾರರು ಅಂದಾಜಿನ ಮೇಲೆ ಹೋದಂತಾಯಿತು. ಕಣ್ಣಿನ ಪೊರೆ ಬೆಳೆಯುತ್ತಿರುವ ಹಿರಿಯರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಮಂಜಾದ ಮಸೂರ ಬೆಳಕನ್ನು ಕಣ್ಣಿನೊಳಗೆ ಚದುರಿಸಿಬಿಡುತ್ತದೆ. ಹೊಲದಿಂದ ಸಂಜೆ ನಡೆದು ಬರುವವರಲ್ಲಿ, ಬಂಡಿ ಹೊಡೆಯುವವರಲ್ಲಿ ಆ ವಯಸ್ಸಿನವರು ಎಷ್ಟು ಮಂದಿ ಎಂಬುದು ಹಳ್ಳಿಯ ರಸ್ತೆ ಬಲ್ಲವರಿಗೆ ಗೊತ್ತು.

ಡಿಪ್ಪರಿನ ಎಳೆ ಈಚೆಗೆ ಬೇಗ ಸಾಯುವುದಕ್ಕೆ ಕಾರಣವಿದೆ. 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ದ್ವಿಚಕ್ರ ವಾಹನಗಳಿಗೆ ಇಂಜಿನ್ ಶುರುವಾದ ಕೂಡಲೇ ಹೆಡ್‌ಲೈಟು ತಾನಾಗಿಯೇ ಹೊತ್ತುವ ವ್ಯವಸ್ಥೆ ಕಡ್ಡಾಯವಾಯಿತು. ಆರಿಸುವ ಸ್ವಿಚ್ಚೇ ಹೋಯಿತು. ಹಗಲಿನಲ್ಲೂ ಬೈಕು ದೂರದಿಂದ ಕಾಣಲಿ ಎಂಬ ಉದ್ದೇಶ ಒಳ್ಳೆಯದೇ, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಹ್ಯಾಲೋಜನ್ ಬಲ್ಬಿನ ಆಯುಸ್ಸು ಕೆಲವು ನೂರು ಗಂಟೆಗಳದ್ದು. ಮೊದಲು ದಿನಕ್ಕೆ ಅರ್ಧ ಗಂಟೆ ಉರಿಯುತ್ತಿದ್ದ ಬಲ್ಬು ಈಗ ಗಾಡಿ ಓಡುವಷ್ಟು ಹೊತ್ತೂ ಉರಿಯುತ್ತದೆ. ದಿನಕ್ಕೆ ಎರಡು ಗಂಟೆ ಓಡಿಸುವವರ ಬಲ್ಬು ವರ್ಷಕ್ಕೆ ಏಳುನೂರು ಗಂಟೆ ಉರಿದಂತಾಯಿತು. ಸ್ವಿಚ್ಚು ಡಿಪ್ಪರಿನಲ್ಲೇ ಇರುವ ಗಾಡಿಗಳಲ್ಲಿ ಈ ಸವೆತವೆಲ್ಲ ಆ ಒಂದು ಎಳೆಗೇ. ಅದರ ಮೇಲೆ ನಮ್ಮ ರಸ್ತೆಗಳ ಗುಂಡಿ, ಕಾದ ಎಳೆಗೆ ಬೀಳುವ ಕುಲುಕಾಟ. ಬಲ್ಬು ಈಗ ಬ್ರೇಕ್ ಶೂ, ಇಂಜಿನ್ ಆಯಿಲ್ ಇದ್ದಂತೆ ಆಗಾಗ ಬದಲಾಯಿಸುವ ವಸ್ತುವಾಗಿದೆ. ನಮ್ಮ ರೂಢಿ ಮಾತ್ರ ಇನ್ನೂ ಅದನ್ನು ಗಾಡಿ ಇರುವ ತನಕ ಇರುವ ವಸ್ತು ಎಂದೇ ನೋಡುತ್ತಿದೆ.

ಮನೆಯಲ್ಲೇ ಏಕೆ, ಗ್ಯಾರೇಜಿಗೆ ಹೋಗಬಾರದೇ ಎಂಬ ಪ್ರಶ್ನೆಗೆ ಉತ್ತರ ಇರುವುದು ಹೊತ್ತಿನಲ್ಲಿ. ಹೆಡ್‌ಲೈಟು ಕೆಟ್ಟಿದ್ದು ಗೊತ್ತಾಗುವುದು ಕತ್ತಲಾದ ಮೇಲೆ, ಆ ಹೊತ್ತಿಗೆ ಗ್ಯಾರೇಜು ಬಾಗಿಲು ಹಾಕಿರುತ್ತದೆ. ಗ್ಯಾರೇಜು ತೆರೆದಿರುವ ಹಗಲಿನಲ್ಲಿ ಹೆಡ್‌ಲೈಟಿನ ನೆನಪಾಗುವುದಿಲ್ಲ, ಏಕೆಂದರೆ ಬಿಸಿಲಿನಲ್ಲಿ ಅದರ ಅಗತ್ಯ ಇಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗುತ್ತಾರೆ. ಹಳ್ಳಿಯವರಿಗೆ ಗ್ಯಾರೇಜು ಎಂದರೆ ತಾಲ್ಲೂಕು ಕೇಂದ್ರ, ಅಲ್ಲಿಗೆ ಹೋಗಿ ಬರುವ ಪೆಟ್ರೋಲು, ಸರದಿಗಾಗಿ ಕಾಯುವ ಅರ್ಧ ದಿನ, ಕೂಲಿಯವರಿಗಾದರೆ ಆ ದಿನದ ಕೂಲಿ. ಇನ್ನೂರು ಮುನ್ನೂರು ರೂಪಾಯಿಯೊಳಗೆ ಸಿಗುವ ಬಲ್ಬಿಗೆ ಇಷ್ಟೆಲ್ಲ ಖರ್ಚಾಗುವಾಗ, ಅಪ್ಪರ್ ಹೇಗೂ ಹೊತ್ತುತ್ತಿದೆಯಲ್ಲ ಎಂದು ಕೆಲಸವನ್ನು ಮುಂದಕ್ಕೆ ಹಾಕುವುದು ಸೋಮಾರಿತನವಲ್ಲ, ಲೆಕ್ಕಾಚಾರ. ಆ ಲೆಕ್ಕಾಚಾರವನ್ನು ಬೈದು ಬದಲಾಯಿಸಲು ಆಗುವುದಿಲ್ಲ. ಬಲ್ಬು ಮನೆಯಲ್ಲೇ ಇದ್ದು, ಕೆಲಸ ಕಾಲು ಗಂಟೆಯದಾದರೆ ಅದು ತಾನಾಗಿಯೇ ಬದಲಾಗುತ್ತದೆ.

ಮೊದಲ ಕೆಲಸ, ಸರಿಯಾದ ಬಲ್ಬು ಯಾವುದೆಂದು ತಿಳಿಯುವುದು. ಸ್ಪ್ಲೆಂಡರ್, ಪಲ್ಸರ್ 150, ಶೈನ್‌ನಂಥ ದಿನಬಳಕೆಯ ಬೈಕುಗಳ ಹ್ಯಾಲೋಜನ್ ಮಾದರಿಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್‌ಎಸ್1 ಎಂಬ ಬಲ್ಬು, 12 ವೋಲ್ಟ್, 35/35 ವ್ಯಾಟ್. ಹ್ಯಾಲೋಜನ್ ಹೆಡ್‌ಲೈಟಿನ ರಾಯಲ್ ಎನ್‌ಫೀಲ್ಡ್ ಗಾಡಿಗಳಲ್ಲಿ ಎಚ್4, 12 ವೋಲ್ಟ್, 60/55 ವ್ಯಾಟ್. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇದು ಇರುತ್ತದೆ, ಹಳೆಯ ಬಲ್ಬಿನ ಬುಡದ ಲೋಹದ ಮೇಲೂ ಅಚ್ಚಾಗಿರುತ್ತದೆ. ಒಮ್ಮೆ ನೋಡಿಕೊಂಡು ಆರ್‌ಸಿ ಇಡುವ ಕವರಿನ ಮೇಲೆ ಬರೆದಿಟ್ಟರೆ ಅಂಗಡಿಯಲ್ಲಿ ತಡಕಾಡಬೇಕಿಲ್ಲ. ಎರಡನೆಯದು, ಗಾಡಿ ಆರಿಸಿ ಚಾವಿ ತೆಗೆದು ಬಲ್ಬು ತಣ್ಣಗಾಗಲು ಬಿಡುವುದು. ಉರಿಯುವ ಹ್ಯಾಲೋಜನ್ ಬಲ್ಬಿನ ಗಾಜು ನೂರಾರು ಡಿಗ್ರಿ ಕಾದಿರುತ್ತದೆ. ಹತ್ತು ಹದಿನೈದು ನಿಮಿಷ ಕಾಯುವುದರಲ್ಲಿ ನಷ್ಟವಿಲ್ಲ. ಆಮೇಲೆ ಹೆಡ್‌ಲೈಟ್ ಡೂಮಿನ ಎರಡು ಬದಿಯ ಬೋಲ್ಟುಗಳನ್ನು ಪಾನಾದಿಂದಲೋ ಸ್ಕ್ರೂಡ್ರೈವರಿನಿಂದಲೋ ಬಿಚ್ಚಬೇಕು. ಬುಲೆಟ್ಟಿನಂಥ ದುಂಡು ಹೆಡ್‌ಲೈಟಾದರೆ ಹೊಳೆಯುವ ಬಳೆಯ ಸ್ಕ್ರೂ ಸಡಿಲಿಸಿದರೆ ಡೂಮು ಮುಂದಕ್ಕೆ ಬರುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ಯಾವ ವಾಷರು ಎಲ್ಲಿತ್ತು ಎಂಬ ಗೊಂದಲ ತಪ್ಪುತ್ತದೆ. ಡೂಮಿನ ತೂಕ ವೈರಿನ ಮೇಲೆ ಬೀಳದಂತೆ ಒಂದು ಕೈಯಲ್ಲಿ ಹಿಡಿದು, ಹಿಂಬದಿಯ ಮೂರು ಕಾಲಿನ ಸಾಕೆಟ್ಟನ್ನು ಎಳೆದು ತೆಗೆಯಬೇಕು. ಎಳೆಯಬೇಕಾದ್ದು ಸಾಕೆಟ್ಟನ್ನು, ವೈರನ್ನಲ್ಲ. ರಬ್ಬರಿನ ಮುಚ್ಚಳ ಸುಲಿದರೆ ಬಲ್ಬನ್ನು ಒತ್ತಿ ಹಿಡಿದಿರುವ ತಂತಿಯ ಕ್ಲಿಪ್ಪು ಕಾಣುತ್ತದೆ. ಅದನ್ನು ಒಳಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬು ಕೈಗೆ ಬರುತ್ತದೆ.

ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಹೆಚ್ಚಿನವರು ಅದನ್ನು ಸುಮ್ಮನೆ ಹೇಳುವ ಮಾತು ಅಂದುಕೊಳ್ಳುತ್ತಾರೆ. ಅದರ ಹಿಂದೆ ರಸಾಯನಶಾಸ್ತ್ರವಿದೆ. ಎಲ್ಲ ಎಳೆ ಬಲ್ಬಿನಲ್ಲೂ ಕಾದ ಟಂಗ್‌ಸ್ಟನ್ ಸ್ವಲ್ಪ ಸ್ವಲ್ಪವೇ ಆವಿಯಾಗಿ ಗಾಜಿಗೆ ಅಂಟಿ ಕಪ್ಪಾಗುತ್ತದೆ. ಹ್ಯಾಲೋಜನ್ ಬಲ್ಬಿನಲ್ಲಿ ಅಯೋಡಿನ್ ಅಥವಾ ಬ್ರೋಮಿನ್ ಅನಿಲ ಆ ಟಂಗ್‌ಸ್ಟನ್ನಿನೊಂದಿಗೆ ಕೂಡಿ ಅದನ್ನು ಎಳೆಯ ಕಡೆಗೇ ಮರಳಿಸುತ್ತದೆ. ಇದು ನಡೆಯಬೇಕಾದರೆ ಗಾಜು ಬಹಳ ಬಿಸಿಯಾಗಿರಬೇಕು. ಆದ್ದರಿಂದಲೇ ಗಾಜು ಎಳೆಗೆ ಅಷ್ಟು ಹತ್ತಿರ, ಅಷ್ಟು ಚಿಕ್ಕದು, ಆ ಕಾವು ತಡೆಯುವ ಸ್ಫಟಿಕದ ಗಾಜು. ಬೆರಳಿನ ಎಣ್ಣೆ, ಬೆವರಿನ ಉಪ್ಪು ಅದಕ್ಕೆ ಅಂಟಿದರೆ ಆ ಚುಕ್ಕೆಯಲ್ಲಿ ಗಾಜಿನ ಗುಣವೇ ಕೆಡುತ್ತದೆ, ಮಂಜಾಗುತ್ತದೆ, ಬಿರುಕು ಬಿಡುತ್ತದೆ. ಬುಡದ ಲೋಹ ಹಿಡಿದು ಕೂಡಿಸಬೇಕು, ಅಕಸ್ಮಾತ್ ಕೈ ತಗುಲಿದರೆ ಶುದ್ಧ ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿ ಒಣಗಲು ಬಿಡಬೇಕು. ಬುಡದಲ್ಲಿ ಮೂರು ಕಿವಿಗಳಿರುತ್ತವೆ, ಅವುಗಳಲ್ಲಿ ಒಂದು ಅಗಲವಾದದ್ದು. ಅದಕ್ಕೆ ಸರಿಯಾದ ಕಚ್ಚು ಡೂಮಿನಲ್ಲಿ ಮೇಲ್ಭಾಗಕ್ಕೆ ಇರುತ್ತದೆ. ಸರಿಯಾಗಿ ಕೂತರೆ ಬಲ್ಬು ಅಲುಗಾಡುವುದಿಲ್ಲ, ಒತ್ತಾಯಿಸಿ ಕೂಡಿಸಿದ ಬಲ್ಬು ಬೆಳಕನ್ನು ಎಲ್ಲಿಗೋ ಚೆಲ್ಲುತ್ತದೆ. ರಬ್ಬರ್ ಮುಚ್ಚಳವನ್ನು ಮರಳಿ ಬಿಗಿಯಾಗಿ ಹಾಕುವುದನ್ನು ಮಾತ್ರ ಯಾರೂ ತಪ್ಪಿಸಬಾರದು. ಅದಿಲ್ಲದಿದ್ದರೆ ನಮ್ಮ ಸಿಮೆಂಟು ರಸ್ತೆಗಳ ಧೂಳು ಡೂಮಿನ ಕನ್ನಡಿ ಮೇಲೆ ಕೂತು, ಮಳೆಗಾಲದ ತೇವ ಸೇರಿ, ಒರೆಸಿ ತೆಗೆಯಲಾಗದ ಮಸುಕಾಗುತ್ತದೆ. ಡೂಮು ಬಿಗಿಯುವ ಮೊದಲೇ ಗಾಡಿ ಶುರು ಮಾಡಿ ಅಪ್ಪರ್, ಡಿಪ್ಪರ್ ಎರಡೂ ಹೊತ್ತುವುದನ್ನು ನೋಡಿಕೊಳ್ಳಬೇಕು.

ಬಲ್ಬು ಹೊಸದಾದರೂ ಬೆಳಕು ಮಂಕಾಗಿಯೇ ಇದ್ದರೆ ಬಲ್ಬನ್ನು ಬೈಯಬಾರದು. ಎಳೆ ಬಲ್ಬಿನ ಬೆಳಕು ವೋಲ್ಟೇಜಿಗೆ ಬಹಳ ಸೂಕ್ಷ್ಮ. ಹೋಲ್ಡರಿಗೆ ತಲುಪುವ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಹತ್ತರಲ್ಲಿ ಸುಮಾರು ಮೂರು ಪಾಲು ಕಡಿಮೆಯಾಗುತ್ತದೆ. ಸಾಕೆಟ್ಟಿನ ಕಾಲು ತುಕ್ಕು ಹಿಡಿದಿರುವುದು, ಅರ್ಥಿಂಗ್ ವೈರು ಸಡಿಲವಾಗಿರುವುದು, ಸ್ವಿಚ್ಚಿನೊಳಗೆ ಧೂಳು, ಬ್ಯಾಟರಿಯ ತುದಿಯ ಬಿಳಿ ಪುಡಿ ಇವೆಲ್ಲ ಆ ಒಂದು ಪಾಲನ್ನು ತಿನ್ನುತ್ತವೆ. ಮರಳು ಕಾಗದದಿಂದ ಸಾಕೆಟ್ಟಿನ ಕಾಲು ಉಜ್ಜುವುದು ಖರ್ಚಿಲ್ಲದ ಕೆಲಸ, ಅದರಿಂದಲೇ ಎಷ್ಟೋ ಗಾಡಿಗಳ ಬೆಳಕು ಮರಳುತ್ತದೆ. ಇದರ ಉಲ್ಟಾ ಸಂಗತಿಯೂ ಅಷ್ಟೇ ನಿಜ: ವೋಲ್ಟೇಜು ಶೇಕಡಾ ಐದು ಏರಿದರೆ ಬಲ್ಬಿನ ಆಯುಸ್ಸು ಹತ್ತಿರ ಹತ್ತಿರ ಅರ್ಧವಾಗುತ್ತದೆ. ಯಾರಿಗಾದರೂ ತಿಂಗಳಿಗೊಂದು ಬಲ್ಬು ಹೋಗುತ್ತಿದ್ದರೆ, ಎರಡೂ ಎಳೆ ಒಟ್ಟಿಗೇ ಕಡಿಯುತ್ತಿದ್ದರೆ, ಅದು ಕಳಪೆ ಬಲ್ಬಿನದ್ದಕ್ಕಿಂತ ಹೆಚ್ಚಾಗಿ ರೆಗ್ಯುಲೇಟರಿನ ಕಥೆ. ಆಗ ಮನೆಯ ಕೆಲಸ ನಿಲ್ಲಿಸಿ ಗ್ಯಾರೇಜಿಗೆ ಹೋಗಲೇಬೇಕು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಬಿಚ್ಚುವುದೇ ಆದರೆ ಅದೇ 35 ವ್ಯಾಟಿನದು ಏಕೆ, 60 ವ್ಯಾಟಿನದೋ 100 ವ್ಯಾಟಿನದೋ ಹಾಕಬಾರದೇ, ಕತ್ತಲ ರಸ್ತೆಗೆ ಬೆಳಕು ಹೆಚ್ಚಾದರೆ ಒಳ್ಳೆಯದಲ್ಲವೇ? ಬೆಳಕಿನ ಅಗತ್ಯ ನಿಜ. 35 ವ್ಯಾಟಿನ ಬಲ್ಬಿನ ಡಿಪ್ಪರು ಎಚ್4ರ ಡಿಪ್ಪರಿನ ಅರ್ಧದಷ್ಟೇ ಬೆಳಕು ಕೊಡುತ್ತದೆ. ಆದರೆ ವೈರು ಆ ಬೇಡಿಕೆಗೆ ಹಾಕಿದ್ದಲ್ಲ. 12 ವೋಲ್ಟಿನಲ್ಲಿ 35 ವ್ಯಾಟಿಗೆ ಹರಿಯುವ ಕರೆಂಟು 3 ಆಂಪಿಯರಿಗೆ ತುಸು ಕಡಿಮೆ, 60 ವ್ಯಾಟಿಗೆ 5 ಆಂಪಿಯರ್, 100 ವ್ಯಾಟಿಗೆ 8ಕ್ಕಿಂತ ಹೆಚ್ಚು. ವೈರಿನಲ್ಲಿ ಹುಟ್ಟುವ ಕಾವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ 60ರಲ್ಲಿ ಅದು ಸುಮಾರು ಮೂರು ಪಟ್ಟು, 100ರಲ್ಲಿ ಎಂಟು ಪಟ್ಟು. ಮೊದಲು ಸಾಕೆಟ್ಟು ಕರಗುತ್ತದೆ, ಆಮೇಲೆ ಸ್ವಿಚ್ಚು, ಪ್ಲಾಸ್ಟಿಕ್ ಡೂಮಿನ ಒಳಗಿನ ಹೊಳಪು ಸುಟ್ಟು ಹಳದಿಯಾಗುತ್ತದೆ. ಚಿಕ್ಕ ಬೈಕಿನ ಮ್ಯಾಗ್ನೆಟ್ಟಿಗೆ ಅಷ್ಟು ವಿದ್ಯುತ್ ಹುಟ್ಟಿಸುವ ಶಕ್ತಿಯೂ ಇರುವುದಿಲ್ಲ, ಬ್ಯಾಟರಿ ಇಳಿಯುತ್ತದೆ. ಕಣ್ಣಿಗೆ ಜೋರಾಗಿ ಕಂಡ ಬೆಳಕು ಕೆಲವು ತಿಂಗಳಲ್ಲಿ ಮೊದಲಿನದಕ್ಕಿಂತ ಮಂಕಾದ ಹೆಡ್‌ಲೈಟನ್ನು ಉಳಿಸಿಹೋಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಎಲ್‌ಇಡಿಯದು. ಎಲ್‌ಇಡಿ ಬಲ್ಬು ಕಡಿಮೆ ಕರೆಂಟು ತಿನ್ನುತ್ತದೆ, ಬಿಳಿ ಬೆಳಕು ಕೊಡುತ್ತದೆ, ಹ್ಯಾಲೋಜನ್ ಜಾಗದಲ್ಲೇ ಕೂರುತ್ತದೆ, ಹಾಗಿದ್ದರೆ ಏಕೆ ಬೇಡ? ಉತ್ತರ ಡೂಮಿನ ಕನ್ನಡಿಯಲ್ಲಿದೆ. ಹ್ಯಾಲೋಜನ್ ಬಲ್ಬಿನಲ್ಲಿ ಅಪ್ಪರಿನ ಎಳೆ ಕನ್ನಡಿಯ ನಾಭಿಯಲ್ಲಿರುತ್ತದೆ. ಡಿಪ್ಪರಿನ ಎಳೆ ಅದಕ್ಕಿಂತ ಸ್ವಲ್ಪ ಮುಂದಿರುತ್ತದೆ, ಅದರ ಕೆಳಗೆ ಲೋಹದ ಪುಟ್ಟ ಬಟ್ಟಲು. ಆ ಬಟ್ಟಲು ಕೆಳಗೆ ಹೋಗುವ ಬೆಳಕನ್ನು ತಡೆಯುತ್ತದೆ, ಮೇಲಿನ ಅರ್ಧ ಕನ್ನಡಿಗೆ ಬಿದ್ದ ಬೆಳಕು ಮಾತ್ರ ತಿರುಗಿ ರಸ್ತೆಯ ಮೇಲೆ ಇಳಿಯುತ್ತದೆ. ಇಡೀ ಲೆಕ್ಕ ಕೂದಲೆಳೆಯಷ್ಟು ಜಾಗದ ಲೆಕ್ಕ. ಎಲ್‌ಇಡಿಯ ಚಿಪ್ಪುಗಳು ಚಪ್ಪಟೆ ಪಟ್ಟಿಯ ಎರಡು ಬದಿಗೆ ಕೂತಿರುತ್ತವೆ, ಎಳೆಯ ಆಕಾರವೂ ಅಲ್ಲ, ಎಳೆಯ ಜಾಗವೂ ಅಲ್ಲ. ಹ್ಯಾಲೋಜನ್ನಿಗೆಂದು ಮಾಡಿದ ಕನ್ನಡಿಯೊಳಗೆ ಅಗ್ಗದ ಎಲ್‌ಇಡಿ ಹಾಕಿದರೆ ಡಿಪ್ಪರಿನಲ್ಲೂ ಬೆಳಕು ಮೇಲಕ್ಕೆ ಚದುರುತ್ತದೆ. ಸವಾರರಿಗೆ ಹತ್ತಿರದ ರಸ್ತೆ ಬೆಳ್ಳಗೆ ಕಾಣುವುದರಿಂದ ತೃಪ್ತಿಯಾಗುತ್ತದೆ, ದೂರ ಮಾತ್ರ ಮೊದಲಿಗಿಂತ ಕಡಿಮೆ ಕಾಣುವುದೂ ಉಂಟು. ಅಂದರೆ ಅರ್ಧ ಸತ್ತ ಬಲ್ಬು ಮಾಡುತ್ತಿದ್ದ ಕೆಲಸವನ್ನೇ ಹೊಸ ಬಲ್ಬು ಹಣ ತೆಗೆದುಕೊಂಡು ಮಾಡಿದಂತಾಯಿತು. ಜರ್ಮನಿಯಲ್ಲಿ 2020ರಿಂದ ಹ್ಯಾಲೋಜನ್ ಜಾಗದಲ್ಲಿ ಕೆಲವು ಎಲ್‌ಇಡಿ ಬಲ್ಬುಗಳಿಗೆ ಒಪ್ಪಿಗೆ ಸಿಕ್ಕಿದೆ ಎಂದು ವಾದಿಸಬಹುದು. ಸಿಕ್ಕಿರುವುದು ನಿಜ, ಆದರೆ ಯಾವ ಬಲ್ಬು ಯಾವ ವಾಹನದ ಯಾವ ಹೆಡ್‌ಲೈಟಿಗೆ ಎಂದು ಪರೀಕ್ಷೆ ಮಾಡಿ ಪಟ್ಟಿ ಮಾಡಿಟ್ಟಿದ್ದಾರೆ. ಪಟ್ಟಿಯಲ್ಲಿ ಇಲ್ಲದ ವಾಹನಕ್ಕೆ ಹಾಕುವಂತಿಲ್ಲ. ನಮ್ಮ ಸಂತೆಯಲ್ಲಿ ಸಿಗುವ ಬಲ್ಬಿನ ಜೊತೆ ಅಂಥ ಪಟ್ಟಿ ಬರುವುದಿಲ್ಲ. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕೇಸು ಹಾಕಿದ್ದು ಈ ಕಾರಣಕ್ಕೇ. ಕಾರ್ಖಾನೆಯಿಂದಲೇ ಎಲ್‌ಇಡಿ ಹೆಡ್‌ಲೈಟಿನೊಂದಿಗೆ ಬರುವ ಹೊಸ ಬೈಕುಗಳ ಮಾತು ಬೇರೆ. ಅಲ್ಲಿ ಕನ್ನಡಿ, ಮಸೂರ, ಚಿಪ್ಪು ಒಂದಕ್ಕೊಂದು ಹೊಂದುವಂತೆ ಮಾಡಿರುತ್ತಾರೆ, ಬಲ್ಬು ಬದಲಾಯಿಸುವ ಪ್ರಶ್ನೆಯೂ ಇರುವುದಿಲ್ಲ. ಮುಂದೊಂದು ದಿನ ಎಲ್ಲ ಗಾಡಿಯೂ ಹಾಗೇ ಬರಬಹುದು. ಆದರೆ ನಮ್ಮ ಹಳ್ಳಿಗಳಲ್ಲಿ ಬೈಕು ಹದಿನೈದು ವರ್ಷ ಓಡುತ್ತದೆ, ಕೈಯಿಂದ ಕೈಗೆ ಹೋಗುತ್ತದೆ. ಹ್ಯಾಲೋಜನ್ ಗಾಡಿಗಳು ಇನ್ನೂ ಬಹಳ ಕಾಲ ಈ ರಸ್ತೆಯಲ್ಲಿರುತ್ತವೆ.

ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಮಿಸ್ತ್ರಿಯ ಹೊಟ್ಟೆಪಾಡೇನು ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಸಣ್ಣ ಗ್ಯಾರೇಜಿನವರಿಗೆ ಬಲ್ಬು ಹಾಕುವ ಕೂಲಿ ದೊಡ್ಡ ಆದಾಯವಲ್ಲ, ಇಂಜಿನ್ ಕೆಲಸದ ನಡುವೆ ಅದಕ್ಕಾಗಿ ಕೈ ತೊಳೆದು ಏಳುವುದು ಅವರಿಗೂ ಕಿರಿಕಿರಿ. ಬಲ್ಬನ್ನಂತೂ ಜನ ಕೊಳ್ಳಲೇಬೇಕು, ಸರಿಯಾದ ಬಲ್ಬು ಯಾವುದೆಂದು ಹೇಳಿ ಮಾರುವವರು ಅವರೇ ಆಗಬಹುದು. ವೈರು ಸುಟ್ಟಿರುವುದು, ರೆಗ್ಯುಲೇಟರ್ ಕೆಟ್ಟಿರುವುದು, ಸ್ವಿಚ್ಚು ಬಿಚ್ಚಬೇಕಾದದ್ದು ಅವರ ಕೈಯದೇ ಕೆಲಸ. ಗೊತ್ತಿಲ್ಲದವರು ಬಿಚ್ಚಿ ಕೆಡಿಸಿಬಿಡುತ್ತಾರೆ ಎಂಬ ಭಯಕ್ಕೂ ಆಧಾರವಿಲ್ಲದಿಲ್ಲ. ಹೊಸ ಗಾಡಿಗಳಲ್ಲಿ ಕೆಲವಕ್ಕೆ ಮುಂಭಾಗದ ಪ್ಲಾಸ್ಟಿಕ್ ಕವಚವೆಲ್ಲ ತೆಗೆಯಬೇಕು, ಎಳೆದಾಡಿದರೆ ಅದರ ಕೊಕ್ಕೆಗಳು ಮುರಿಯುತ್ತವೆ. ಅಂಥ ಗಾಡಿಯವರು ಮೊದಲ ಸಲ ಗ್ಯಾರೇಜಿನಲ್ಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿಯುವುದು ಉತ್ತಮ. ಸರ್ವಿಸಿಗೆ ಬಿಟ್ಟ ದಿನ ಹೆಡ್‌ಲೈಟು ಒಮ್ಮೆ ಬಿಚ್ಚಿ ತೋರಿಸಿ ಎಂದು ಕೇಳಿದರೆ ತೋರಿಸದ ಮಿಸ್ತ್ರಿ ಅಪರೂಪ.

ಆದರೆ ಬಲ್ಬು ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಮನೆಯಲ್ಲಿ ಮಾಡುವವರೂ ಗ್ಯಾರೇಜಿನವರೂ ಒಂದೇ ರೀತಿ ಬಿಟ್ಟುಬಿಡುವ ಭಾಗ ಇದು. ಡೂಮು ಬಿಚ್ಚಿ ಹಾಕುವಾಗ ಅದರ ಕೋನ ತಪ್ಪುತ್ತದೆ. ಮೂಗು ತುಸು ಮೇಲಕ್ಕೆ ಎದ್ದರೂ ಒಳ್ಳೆಯ ಬಲ್ಬಿನ ಡಿಪ್ಪರು ಕೂಡ ಎದುರಿನವರ ಕಣ್ಣಿಗೇ ಹೋಗುತ್ತದೆ. ಇದನ್ನು ಅಳೆಯುವ ಕ್ರಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಅದರ 106ನೆಯ ನಿಯಮದ ಪ್ರಕಾರ ಮುಂದಿನ ದೀಪದಿಂದ 8 ಮೀಟರ್ ದೂರದಲ್ಲಿ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಆ ಬೆಳಕು ಕೋರೈಸಬಾರದು. ಹೆಚ್ಚಿನ ನಿಯಮಗಳಿಗೆ ಯಂತ್ರ ಬೇಕು, ಇದಕ್ಕೆ ಬೇಡ. ಒಂದೂವರೆ ಮೀಟರ್ ಎಂದರೆ ಐದೂಕಾಲು ಅಡಿ ಎತ್ತರದ ಒಬ್ಬರು ನಿಂತಾಗ ಅವರ ಕಣ್ಣು ಇರುವ ಮಟ್ಟ. 8 ಮೀಟರ್ ಎಂದರೆ ಸುಮಾರು 26 ಅಡಿ. ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ಸ್ಟ್ಯಾಂಡ್ ಹಾಕದೆ ನಿಲ್ಲಿಸಿ, ದಿನಾ ಓಡಿಸುವವರೇ ಅದರ ಮೇಲೆ ಕುಳಿತು, ಡಿಪ್ಪರ್ ಹೊತ್ತಿಸಿ, ಮನೆಯ ಇನ್ನೊಬ್ಬರು 26 ಅಡಿ ಆಚೆ ನಿಂತು ನೋಡಿದರೆ ಸಾಕು. ಕಣ್ಣು ಕಿರಿದು ಮಾಡಬೇಕಾಗಿ ಬಂದರೆ ಡೂಮಿನ ಬೋಲ್ಟು ಸಡಿಲಿಸಿ, ಇಲ್ಲವೇ ಕೆಳಗಿರುವ ಹೊಂದಿಸುವ ಸ್ಕ್ರೂ ತಿರುಗಿಸಿ ಮೂಗನ್ನು ತುಸು ತಗ್ಗಿಸಬೇಕು. ಗೋಡೆ ಇದ್ದರೆ ಇನ್ನೂ ಸುಲಭ: ಗೋಡೆಯ ಮೇಲೆ ಹೆಡ್‌ಲೈಟಿನ ಮಧ್ಯದ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದರೆ, ಡಿಪ್ಪರಿನ ಗಾಢ ಬೆಳಕಿನ ಮೇಲಂಚು ಆ ಗೆರೆಗಿಂತ ಸ್ವಲ್ಪ ಕೆಳಗೆ ಬೀಳಬೇಕು. ತುಂಬ ಕೆಳಗೆ ಇಳಿಸಿದರೆ ರಸ್ತೆ ಕಾಣುವುದಿಲ್ಲ, ಅದೂ ತಪ್ಪು. ಹಿಂದೆ ಇಬ್ಬರು ಕೂತು ಹೋಗುವ, ಮೇವಿನ ಹೊರೆಯೋ ಗೊಬ್ಬರದ ಚೀಲವೋ ಹೇರುವ ಗಾಡಿಯಾದರೆ ಅದೇ ಹೊರೆಯೊಂದಿಗೆ ಒಮ್ಮೆ ನೋಡಬೇಕು. ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿದಷ್ಟೂ ಮುಂದಿನ ಬೆಳಕು ಮೇಲೇಳುತ್ತದೆ.

ರಸ್ತೆಯಲ್ಲಿ ಅಪ್ಪರ್ ಬೇಡವೇ ಬೇಡ ಎಂಬುದು ಇದರ ಅರ್ಥವಲ್ಲ. ಮುಂದೆ ಯಾರೂ ಇಲ್ಲದ ಕತ್ತಲ ದಾರಿಯಲ್ಲಿ, ದೀಪವಿಲ್ಲದ ಬಂಡಿ ಇರಬಹುದಾದ ಕಡೆ ಅಪ್ಪರ್ ಬೇಕೇ ಬೇಕು. ಎದುರಿಗೆ ಯಾರಾದರೂ ಕಂಡಾಗ ಇಳಿಸಲು ಡಿಪ್ಪರ್ ಜೀವಂತವಾಗಿರಬೇಕು ಎಂಬುದಷ್ಟೇ ಕೋರಿಕೆ. ಇಳಿಸುವ ಮನಸ್ಸಿದ್ದವರಿಗೂ ಎಳೆ ಕಡಿದಿದ್ದರೆ ಇಳಿಸಲು ಬರುವುದಿಲ್ಲ. ಇಳಿಸಿದರೆ ಅವರ ಗಾಡಿಯೇ ಕತ್ತಲಾಗುತ್ತದೆ. ಎಷ್ಟೋ ಸಲ ಎದುರಿನವರ ಅಹಂಕಾರ ಎಂದು ನಾವು ಬೈಯುವುದು ಅವರ ಬಲ್ಬಿನ ಅವಸ್ಥೆ. ಎಲ್ಲ ಸಲವೂ ಹಾಗಲ್ಲ, ಅಪ್ಪರಿನಲ್ಲೇ ಓಡಿಸುವ ಚಟದವರೂ ಇದ್ದಾರೆ, ಅವರಿಗೆ ದಂಡವೇ ಸರಿ. ಆದರೆ ದಂಡ ಹಾಕುವವರಿಗೂ ಈ ಎರಡನ್ನು ಬೇರೆ ಮಾಡಿ ನೋಡುವುದು ಕಷ್ಟವಲ್ಲ: ಗಾಡಿ ನಿಲ್ಲಿಸಿ ಡಿಪ್ಪರ್ ಹಾಕಿ ತೋರಿಸಿ ಎಂದರೆ ಆಯಿತು.

ಮನೆಮನೆಗೆ ಈ ಅಭ್ಯಾಸ ಮುಟ್ಟಿಸಲು ಸಿಮೆಂಟ್ ಕಾರ್ಖಾನೆಗಳ ಬೈಕ್ ಸ್ಟ್ಯಾಂಡುಗಳಿಗಿಂತ ಒಳ್ಳೆಯ ಜಾಗ ಈ ಭಾಗದಲ್ಲಿಲ್ಲ. ಪಾಳಿ ಬದಲಾಗುವ ಹೊತ್ತಿಗೆ ನೂರಾರು ಬೈಕುಗಳು ಒಂದೇ ಬಾಗಿಲಿನಿಂದ ಕತ್ತಲಲ್ಲಿ ಹೊರಡುತ್ತವೆ. ಹೆಲ್ಮೆಟ್ ಇಲ್ಲದವರನ್ನು ಒಳಗೆ ಬಿಡಬಾರದು ಎಂಬ ಶಿಸ್ತನ್ನು ಜಾರಿಗೆ ತರಬಲ್ಲ ಸುರಕ್ಷತಾ ವಿಭಾಗಕ್ಕೆ ಡಿಪ್ಪರ್ ಹೊತ್ತುತ್ತದೆಯೇ ಎಂದು ನೋಡುವುದು ಭಾರವಾಗದು. ಸ್ಟ್ಯಾಂಡಿನ ಒಂದು ಗೋಡೆಗೆ ಬಿಳಿ ಬಣ್ಣ ಬಳಿದು, ಅಡ್ಡಗೆರೆಗಳನ್ನು ಎಳೆದು, ಎದುರಿಗೆ 8 ಮೀಟರ್ ದೂರದಲ್ಲಿ ನೆಲದ ಮೇಲೆ ಮುಂಗಾಲಿ ನಿಲ್ಲುವ ಜಾಗವನ್ನು ಗುರುತು ಮಾಡಿದರೆ, ಯಾರು ಬೇಕಾದರೂ ಅರ್ಧ ನಿಮಿಷದಲ್ಲಿ ತಮ್ಮ ಹೆಡ್‌ಲೈಟಿನ ಕೋನ ನೋಡಿಕೊಳ್ಳಬಹುದು. ಕಾರ್ಖಾನೆಯ ಕ್ಯಾಂಟೀನಿನ ಪಕ್ಕದ ಅಂಗಡಿಯಲ್ಲಿ ಎಚ್‌ಎಸ್1 ಮತ್ತು ಎಚ್4 ಬಲ್ಬುಗಳನ್ನು ಖರೀದಿ ಬೆಲೆಗೆ ಇಡಬಹುದು, ಒಂದು ಪಾನಾ ಸೆಟ್ಟು ಕಾವಲುಗಾರರ ಕೋಣೆಯಲ್ಲಿರಬಹುದು. ಪೆಟ್ರೋಲ್ ಬಂಕುಗಳ ಹಿಂಗೋಡೆ, ಗ್ರಾಮ ಪಂಚಾಯಿತಿ ಕಚೇರಿಯ ಪಕ್ಕದ ಗೋಡೆಗಳೂ ಇದೇ ಕೆಲಸಕ್ಕೆ ಆಗುತ್ತವೆ. ಬೇಕಾದ್ದು ಒಂದು ಡಬ್ಬಿ ಬಣ್ಣ, ಅಳತೆಯ ಟೇಪು, ಮತ್ತು ಗೋಡೆಯ ಮುಂದೆ 26 ಅಡಿ ಸಮನಾದ ನೆಲ. ತೊಗರಿ ರಾಶಿ ಶುರುವಾಗುವ ಮೊದಲು, ನವೆಂಬರಿನೊಳಗೆ, ಆ ಗೆರೆಗಳನ್ನು ಎಳೆಯುವುದು ಒಳ್ಳೆಯದು.